ತಿದ್ದಿದಲ್ಲಿ ಸಹಿ

ಶಿರಾಳಕೊಪ್ಪ ದಾಟಿದ ಮೇಲೆ ಬಸ್ಸು ಖಾಲಿ.
ತೊಡೆಯ ಮೇಲೆ ಅರಗಿನ ಮುದ್ರೆಯ ಲಕೋಟೆ,
ಒಳಗೆ ಒಂದು ಪ್ರಶ್ನೆಪತ್ರಿಕೆ, ಮೂವತ್ತೊಂದು ಅಂಕಪಟ್ಟಿ.
ನಾನು ಹೊರಗಿನ ಪರೀಕ್ಷಕ.
ಹೆಸರೇ ಹೇಳುತ್ತದಲ್ಲ, ಹೊರಗಿನವನು.

ಆನವಟ್ಟಿ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಗೆ
ಇನ್ನೂ ಬಿಸಿಯೂಟದ ತೊಗರಿಬೇಳೆಯ ವಾಸನೆ.
ಬ್ಯಾಂಕು ಬಿಸಾಡಿದ ಒಂಬತ್ತು ಯಂತ್ರ,
ಏಳಕ್ಕೆ ಜೀವ ಇದೆ.
ಜೀವ ಕೊಟ್ಟ ಗುತ್ಯಪ್ಪ ಮೇಷ್ಟ್ರು ಹೇಳಿದರು:
"ಕಂಪನಿಯದಕ್ಕೆ ಲೈಸೆನ್ಸು ಕೊಳ್ಳೋಕೆ
ಶಾಲೆ ಹೆಂಚೇ ಮಾರಬೇಕಿತ್ತು ಸರ್.
ಬಿಟ್ಟಿ ಅಂತ ಇದನ್ನ ತಂದೆ.
ಬಿಟ್ಟಿ ಅಲ್ಲ, ಬಿಚ್ಚಿಟ್ಟದ್ದು
ಅಂತ ಆಮೇಲೆ ಗೊತ್ತಾಯ್ತು."

ಮೂರನೆಯ ಪ್ರಶ್ನೆ, ಎಂಟು ಅಂಕ:
ಎಡ ಮೇಲ್ತುದಿಯ ದುಂಡು ಗುಂಡಿಯನ್ನು ಒತ್ತಿ.
ಏಳು ಪರದೆಗಳಲ್ಲಿ ಎಲ್ಲೂ
ದುಂಡು ಗುಂಡಿ ಇಲ್ಲ.

ಕೊನೆಯ ಬೆಂಚಿನ ಮುಬೀನ ಕೈ ಎತ್ತಿದಳು.
ಬಸ್‌ಸ್ಟ್ಯಾಂಡಿನ ಹಿಂದೆ ಬ್ಲೌಸು ಹೊಲಿಯುವವರ ಮಗಳು.
"ಗುಂಡಿ ಇಲ್ಲ ಸರ್. ಗುಂಡಿ ಮಾಡೋ ಕೆಲಸ ಇದೆ. ಮಾಡ್ಲಾ?
ಗುಂಡಿ ಸಿಗದಿದ್ರೆ ನಮ್ಮನೇಲಿ ಹುಕ್ಕು ಹಾಕ್ತೀವಿ."

ಅವಳ ಪರದೆ ಪೂರಾ ಕನ್ನಡ:
ಕಡತ. ಸಂಪಾದಿಸು. ಉಳಿಸು.
ನನ್ನಜ್ಜ ಸಾಯುವ ತನಕ ಹೇಳಿದ್ದೂ
ಕೊನೆಯ ಎರಡೇ ಮಾತು, ಇದೇ ಕ್ರಮದಲ್ಲಿ.

ಅವಳು ಮಾಡುತ್ತಿರುವಾಗ ಮೇಷ್ಟ್ರು ಪಿಸುಗುಟ್ಟಿದರು.
ಹೋದ ವರ್ಷ ಕಡತ ಮುಚ್ಚುವಾಗ
ಇದೇ ಪರದೆ ಕೇಳುತ್ತಿತ್ತಂತೆ: ಅಳಿಸಲೇ?
ಯಾರೋ ಅನುವಾದಿಸುವಾಗ ಉ ಜಾರಿ ಅ ಬಿದ್ದಿತ್ತು.
ತರಗತಿಗೆ ತರಗತಿಯೇ ಹೆದರಿ 'ಇಲ್ಲ' ಒತ್ತಿ
ಅರ್ಧ ದಿನದ ಕೆಲಸ ನೀರುಪಾಲು.
ಉಳಿದವರು ಬೈದು ಊಟಕ್ಕೆ ಹೋದರು.
ಇವಳು ಮಾತುಗಳನ್ನಿಟ್ಟ ಡಬ್ಬಿ ಎಲ್ಲೆಂದು ಹುಡುಕಿ,
ಬಿಚ್ಚಿ, ಸಾಲು ಸಾಲು ಬೆರಳಿಟ್ಟು ಓದಿ,
ಅ ಅಳಿಸಿ, ಉ ಉಳಿಸಿ,
ಮಾಡಿದವರಿಗೇ ಕಳಿಸಿಕೊಟ್ಟಳು.
ಮೂರು ತಿಂಗಳು ಸುದ್ದಿಯಿಲ್ಲ.
ಸಂಕ್ರಾಂತಿಯ ಮಾರನೆಯ ದಿನ ಹೊಸ ಆವೃತ್ತಿ ಬಂತು.
ತಳದಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಹೆಸರುಗಳು,
ನಾಲಿಗೆ ಹೊರಳದ ಊರುಗಳು,
ನಡುವೆ ಒಂದು: ಮುಬೀನ, ಆನವಟ್ಟಿ.

"ದೊಡ್ಡದೇನಲ್ಲ ಸರ್," ತಿರುಗದೆಯೇ ಅಂದಳು.
"ಅಮ್ಮಿಯ ಕಟಿಂಗ್ ಕಾಗದ ಹಿರೇಕೆರೂರಿಂದ ಬಂದಿದ್ದು.
ತೋಳು ಬಿಗಿಯಾಗ್ತಿತ್ತು, ತಿದ್ದಿದ್ರು.
ಈಗ ತೊಗರ್ಸೀಲೂ ಅದೇ ತೋಳು."

ಇದಕ್ಕೆಷ್ಟು ಅಂಕ?
ನನ್ನ ಹಾಳೆಯಲ್ಲಿ ಆ ಕಾಲಮ್ಮೇ ಇಲ್ಲ.
ಮೇಲೆ ಮೊದಲೇ ಅಚ್ಚಾದ ಸಾಲು,
'ಈ ತಂತ್ರಾಂಶದಲ್ಲಿ ಅರ್ಹತೆ ಪಡೆದಿರುತ್ತಾರೆ',
ಪಕ್ಕದಲ್ಲಿ ಕಂಪನಿಯ ಹೆಸರು,
ಈ ಕೋಣೆಯ ಹೊಸಿಲು ಎಂದೂ ತುಳಿಯದ್ದು.
ಹಾಗೇ ಬಿಟ್ಟರೆ ಮೂವತ್ತೊಂದು ಸುಳ್ಳು,
ಸರ್ಕಾರದ ಮೊಹರು ಸಮೇತ.

ಶಿವಮೊಗ್ಗಕ್ಕೆ ಫೋನು ಮಾಡಿದೆ.
ಆ ಕಡೆ ಫ್ಯಾನಿನ ಸದ್ದು. ಆಮೇಲೆ,
"ಕಲಿತಿದ್ದಾರಾ?"
"ಪ್ರಶ್ನೆಪತ್ರಿಕೆಗಿಂತ ಚೆನ್ನಾಗಿ."
"ಹೊಡೆದು ಬರೀರಿ.
ತಿದ್ದಿದಲ್ಲೆಲ್ಲ ಪೂರ್ತಿ ಸಹಿ ಇರಲಿ.
ನಾಳೆ ವಿವರಣೆ ಕೇಳಿದ್ರೆ ಅದು ನಿಮ್ಮ ತಲೆಗೆ."

ಮೂವತ್ತೊಂದು ಗೆರೆ.
ಮೂವತ್ತೊಂದು ಸಲ 'ಮುಕ್ತ ತಂತ್ರಾಂಶ'.
ಮೂವತ್ತೊಂದು ಸಲ ನಾನು.
ಹತ್ತೊಂಬತ್ತನೆಯದರ ಹೊತ್ತಿಗೆ ಕೈ ಸೋತು
ಸಹಿ ನನ್ನದೇ ಎಂದು ನನಗೇ ಅನುಮಾನ.
ಮುಬೀನಳ ಹಾಳೆ ಇಪ್ಪತ್ತೇಳನೆಯದು.
ಎಂಟಕ್ಕೆ ಎಂಟು. ಅದಕ್ಕಿಂತ ಹೆಚ್ಚು ಕೊಡಲು ಬರುವುದಿಲ್ಲ.

ಜೂನಿನಲ್ಲಿ ವಿವರಣೆ ಕೇಳಿಯೇ ಕೇಳಿದರು.
ಒಂದೂವರೆ ಪುಟ ಬರೆದೆ.
ಕೊನೆಗೊಂದು ಬಿನ್ನಹ: ಮುಂದಿನ ಪತ್ರಿಕೆಯಲ್ಲಿ
ಕಂಪನಿಯ ಹೆಸರಿರುವ ಜಾಗಕ್ಕೆ
'ಯಾವುದಾದರೂ' ಎಂಬ ಒಂದೇ ಪದ ಸಾಕು.
ಉತ್ತರ ಇನ್ನೂ ಬಂದಿಲ್ಲ.

ಅಷ್ಟರಲ್ಲಿ ಮನೆಯ ಯಂತ್ರಕ್ಕೂ ಅದನ್ನೇ ಹಾಕಿಕೊಂಡಿದ್ದೆ.
ಪತ್ರ ಮುಗಿಸಿ ಮುಚ್ಚಲು ಹೋದಾಗ
ಪರದೆ ಕೇಳಿತು: ಉಳಿಸಲೇ?

ಆ ಉ ಯಾರದೆಂದು ನನಗೆ ಗೊತ್ತು.